ಪುಟ್ಟ ಲಿನಕ್ಸ್ ಇಮೇಜ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಪಕ್ಕದ ಓಣಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಎಸ್ಟೇಟ್ ಆಫೀಸುಗಳಲ್ಲಿ ರೈಟರ್‌ಗಳು ಚೆಕ್‌ರೋಲ್ ಬರೆದು ಬರೆದು ಸವೆಸಿದ ಕಂಪ್ಯೂಟರ್‌ಗಳು, 2 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್‌ಗಳು ಕೊನೆಗೆ ಬಂದು ಸೇರುವುದು ಇಲ್ಲಿಗೆ. ಅವುಗಳ ದೂಳು ಒರೆಸಿ, ಡೆಬಿಯನ್ ಎಂಬ ಲಿನಕ್ಸ್ ಬಗೆಯ ಇಮೇಜ್ ಕಟ್ಟುವ ಸಲಕರಣೆ ಲೈವ್-ಬಿಲ್ಡ್‌ನಿಂದ ನಾನೇ ಕಟ್ಟಿದ ಪುಟ್ಟ ಡೆಸ್ಕ್‌ಟಾಪ್ ಹಾಕಿ, ಆಲ್ದೂರು, ಮೂಡಿಗೆರೆ ಕಡೆಯ ಶಾಲೆಗಳಿಗೆ ಕಳಿಸುತ್ತೇನೆ. ಅದರಲ್ಲಿ ಇರುವುದು ಕಿಟಕಿಗಳನ್ನು ನಿಭಾಯಿಸುವ ಓಪನ್‌ಬಾಕ್ಸ್, ಒಂದು ಪ್ಯಾನೆಲ್, ಫೈಲ್ ಮ್ಯಾನೇಜರ್, ಫೈರ್‌ಫಾಕ್ಸ್, ಕನ್ನಡ ಟೈಪಿಂಗ್. ಇಷ್ಟೇ.

ಈ 'ಇಷ್ಟೇ' ಎಂಬುದರಲ್ಲೇ ತಾಪತ್ರಯ ಇರುವುದು. ಮಳೆಗೆ ಮುಂಚೆ ತೋಟದಲ್ಲಿ ಮರಗಸಿ ಮಾಡುವುದನ್ನು ನೋಡಿದವರಿಗೆ ಇದು ಗೊತ್ತು. ಬೆಳಕು ಬೀಳಲೆಂದು ರೆಂಬೆ ಕಡಿಯಲೇಬೇಕು. ಆದರೆ ಕತ್ತಿ ಹರಿತವಾಗಿದೆ ಅಂತ ಎರಡು ರೆಂಬೆ ಹೆಚ್ಚಿಗೆ ಕಡಿದರೆ, ಮುಂದಿನ ಬೇಸಿಗೆಯಲ್ಲಿ ಕೆಳಗಿನ ಕಾಫಿ ಗಿಡ ಬಿಸಿಲಿಗೆ ಸುಡುತ್ತದೆ. ಕಡಿದ ದಿನ ಏನೂ ಕಾಣಿಸುವುದಿಲ್ಲ. ನನ್ನ ಇಮೇಜ್‌ಗಳಲ್ಲಿ (ಇಮೇಜ್ ಎಂದರೆ ಪೆನ್‌ಡ್ರೈವಿಗೆ ಬರೆದು ಕಂಪ್ಯೂಟರ್ ಏಳಿಸುವ, ಇಡೀ ವ್ಯವಸ್ಥೆ ಇರುವ ಒಂದೇ ಫೈಲು) ಕಂಡ ದೋಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆಯೇ, ನಾನೇ ಕಡಿದು ಎಸೆದದ್ದರ ಫಲ.

ಈ ರಿಪೇರಿಗಳನ್ನೆಲ್ಲ ನಾನು ಹೆಚ್ಚಾಗಿ ಫೋನಿನಲ್ಲೇ ಹೇಳಿಕೊಡುವುದು. ಹಾಗಾಗಿ ಕಮಾಂಡ್‌ಗಳನ್ನೂ ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

## ಯಾವ ಲಕ್ಷಣವೇ ಇರಲಿ, ಮೊದಲು ಅದಲುಬದಲು ಮಾಡಿ ನೋಡಿ

ಆರೋಪಿಗಳು ಮೂವರೇ: ಇಮೇಜ್, ಪೆನ್‌ಡ್ರೈವ್, ಯಂತ್ರ. ಯಾರು ತಪ್ಪಿತಸ್ಥ ಅಂತ ಗೊತ್ತಾಗುವ ಮುಂಚೆ ಕಾನ್ಫಿಗ್ ಫೈಲ್ ಮುಟ್ಟಬೇಡಿ.

ಅದೇ ಇಮೇಜನ್ನು ಬಿಲ್ಡ್ ಮಾಡಿದ ಕಂಪ್ಯೂಟರಿನಲ್ಲೇ ಕ್ಯುಇಎಂಯು (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ನಟಿಸುವ ತಂತ್ರಾಂಶ) ಒಳಗೆ ಏಳಿಸಿ. ಅಲ್ಲೂ ಬಿದ್ದರೆ ದೋಷ ಇಮೇಜಿನದು. ಅಲ್ಲಿ ಎದ್ದರೆ ಅದೇ ಪೆನ್‌ಡ್ರೈವನ್ನು ಬೇರೊಂದು ಯಂತ್ರಕ್ಕೆ ಹಾಕಿ. ಅಲ್ಲಿ ಎದ್ದು ಇಲ್ಲಿ ಏಳದಿದ್ದರೆ ಯಂತ್ರದ ಮೇಲೆ ಅನುಮಾನ. ಎರಡರಲ್ಲೂ ಏಳದಿದ್ದರೆ ಪೆನ್‌ಡ್ರೈವ್ ಬದಲಾಯಿಸಿ. ಕೊನೆಗೆ, ತಕರಾರಿನ ಯಂತ್ರಕ್ಕೆ ಡೆಬಿಯನ್‌ನವರೇ ಕಟ್ಟಿದ ಅಧಿಕೃತ ಲೈವ್ (ಹಾರ್ಡ್‌ಡಿಸ್ಕಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಓಡುವ) ಇಮೇಜ್ ಹಾಕಿ ನೋಡಿ. ಅದು ಎದ್ದು ನಮ್ಮದು ಏಳಲಿಲ್ಲ ಅಂದರೆ ನಾವು ಏನೋ ಬಿಟ್ಟಿದ್ದೇವೆ ಎಂದೇ ಅರ್ಥ. ಈ ಅಧಿಕೃತ ಪೆನ್‌ಡ್ರೈವ್ ಒಂದು ನನ್ನ ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಇರುತ್ತದೆ. ಅದಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ, ಯಾರಿಗೂ ಸಾಲ ಕೊಡುವುದಿಲ್ಲ.

ಇಷ್ಟಕ್ಕೆ ಅರ್ಧ ಗಂಟೆ ಸಾಕು, ಖರ್ಚು ಏನೂ ಇಲ್ಲ.

## ಬಿಲ್ಡ್ ಅರ್ಧದಲ್ಲೇ ನಿಂತುಬಿಡುತ್ತದೆ

ಎಲ್ಲರೂ ಮಾಡುವ ತಪ್ಪು ಕೊನೆಯ ಸಾಲನ್ನು ಓದುವುದು. ಕೊನೆಯ ಸಾಲು ಬರೀ ಅಳು, ಪೆಟ್ಟು ಬಿದ್ದದ್ದು ಮೇಲೆಲ್ಲೋ. ಇಮೇಜ್ ಕಟ್ಟುವ 'ಎಲ್‌ಬಿ ಬಿಲ್ಡ್' ಕಮಾಂಡ್ ಕೊಡುವಾಗಲೇ 'ಟೀ' ಕಮಾಂಡ್ ಸೇರಿಸಿ ಎಲ್ಲವನ್ನೂ ಒಂದು ಲಾಗ್ ಫೈಲಿಗೆ ಬರೆಸಿ. ನಿಂತ ಮೇಲೆ ಆ ಫೈಲಿನಲ್ಲಿ ಮೇಲಿನಿಂದ ಹುಡುಕುತ್ತಾ ಬನ್ನಿ. ಇಂಗ್ಲಿಷ್ 'ಇ' ಅಕ್ಷರ ಮತ್ತು ಕೋಲನ್‌ನಿಂದ ಶುರುವಾಗುವ ಮೊದಲ ಸಾಲೇ ನಿಮಗೆ ಬೇಕಾದದ್ದು.

ಆ ಸಾಲಿನಲ್ಲಿ 'ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್' ಅಂತ ಇದ್ದರೆ ನೆಟ್ ಹೋಗಿದೆ, ಅಷ್ಟೇ. 'ಹ್ಯಾಷ್ ಸಮ್ ಮಿಸ್‌ಮ್ಯಾಚ್' ಅಂದರೆ ಇಳಿದ ಫೈಲು ಪಟ್ಟಿಯಲ್ಲಿರುವುದಕ್ಕೆ ತಾಳೆಯಾಗಿಲ್ಲ. ಮಳೆಗಾಲದಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಬಿಲ್ಡ್ ಮಾಡುವವರಿಗೆ ಇದು ನೆಂಟರಿದ್ದ ಹಾಗೆ, ಹೇಳದೆ ಕೇಳದೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸಿ. ಹೀಗೆ ಪದೇ ಪದೇ ಇಳಿಸುವ ಕಾಟ ತಪ್ಪಬೇಕಾದರೆ ಆಪ್ಟ್-ಕ್ಯಾಚರ್-ಎನ್‌ಜಿ ಹಾಕಿಕೊಳ್ಳಿ. ಅದು 3142ನೇ ಪೋರ್ಟಿನಲ್ಲಿ ಕೂತು, ಒಮ್ಮೆ ಇಳಿದ ಪ್ಯಾಕೇಜನ್ನು ಇಟ್ಟುಕೊಂಡು, ಮುಂದಿನ ಸಲ ಡಿಸ್ಕಿನಿಂದಲೇ ಕೊಡುತ್ತದೆ.

'ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್' ಎಂದರೆ ಸರ್ವರಿನ ಮೇಲೆ ಸಿಟ್ಟಾಗಬೇಡಿ. ನಿಮ್ಮ ಕಂಪ್ಯೂಟರಿನ ಗಡಿಯಾರ ಹಿಂದೆ ಬಿದ್ದಿದೆ. ತಾರೀಖು ಸರಿ ಮಾಡಿ.

'ಅನೇಬಲ್ ಟು ಲೊಕೇಟ್ ಪ್ಯಾಕೇಜ್' ಬಂದರೆ ಮೊದಲು ಕಾಗುಣಿತ ನೋಡಿ. ಹೆಸರು ಸರಿಯಿದ್ದೂ ಸಿಗದಿದ್ದರೆ, ಹೆಚ್ಚಾಗಿ ಅದು ಫರ್ಮ್‌ವೇರ್ (ವೈಫೈ, ಗ್ರಾಫಿಕ್ಸ್ ಚಿಪ್ಪುಗಳ ಒಳಗೆ ಓಡುವ ಪುಟ್ಟ ತಂತ್ರಾಂಶ) ಪ್ಯಾಕೇಜ್ ಆಗಿರುತ್ತದೆ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಈ ಫರ್ಮ್‌ವೇರ್‌ಗಳು 'ನಾನ್-ಫ್ರೀ-ಫರ್ಮ್‌ವೇರ್' ಎಂಬ ಬೇರೆಯೇ ವಿಭಾಗಕ್ಕೆ ಹೋಗಿವೆ. ಹಳೇ ಕಾನ್ಫಿಗ್ ಎತ್ತಿಕೊಂಡು ಬಂದವರು 'ಆರ್ಕೈವ್-ಏರಿಯಾಸ್' ಸಾಲಿನಲ್ಲಿ ಬರೀ ಮೇನ್, ಕಾಂಟ್ರಿಬ್, ನಾನ್-ಫ್ರೀ ಬರೆದಿರುತ್ತಾರೆ. ನಾಲ್ಕನೆಯದನ್ನು ಸೇರಿಸಿದರೆ ಮುಗಿಯಿತು.

ಇನ್ನೊಂದು ನನ್ನ ಇಡೀ ಒಂದು ಭಾನುವಾರ ತಿಂದದ್ದು. ಒಳಗಿನ ಡಿಸ್ಕಿನಲ್ಲಿ ಜಾಗ ಸಾಲದೆ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಬಿಲ್ಡ್ ಶುರು ಮಾಡಿದೆ. ಎರಡನೇ ನಿಮಿಷಕ್ಕೇ 'ಮೌಂಟೆಡ್ ವಿತ್ ನೋಎಕ್ಸೆಕ್ ಆರ್ ನೋಡೆವ್' ಅಂತ ನಿಂತಿತು. ಡಿಸ್ಕ್ ಎನ್‌ಟಿಎಫ್‌ಎಸ್ ಇರಬೇಕು ಅಂದುಕೊಂಡು ಎಕ್ಸ್ಟ್4ಗೆ ಫಾರ್ಮ್ಯಾಟ್ ಮಾಡಿದೆ. ಮತ್ತೆ ಅದೇ ಮಾತು! ಕಾರಣ ಇಷ್ಟೆ: ಡೆಸ್ಕ್‌ಟಾಪಿನಲ್ಲಿ ಐಕಾನ್ ಒತ್ತಿ ತೆರೆದ ಹೊರಗಿನ ಡಿಸ್ಕನ್ನು ವ್ಯವಸ್ಥೆ ತಾನಾಗಿಯೇ 'ನೋಡೆವ್' ಎಂಬ ಕಟ್ಟುಪಾಡಿನಲ್ಲಿ ಜೋಡಿಸುತ್ತದೆ. ಅದನ್ನು ಬಿಚ್ಚಿ, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಕೈಯಾರೆ ಮೌಂಟ್ ಮಾಡಿದರೆ ಸರಿಹೋಗುತ್ತದೆ. ಹಾಗಂತ ಎನ್‌ಟಿಎಫ್‌ಎಸ್, ಫ್ಯಾಟ್ ಡಿಸ್ಕಿನಲ್ಲಿ ಬಿಲ್ಡ್ ಮಾಡಲು ಹೋಗಬೇಡಿ. ಲಿನಕ್ಸಿಗೆ ಬೇಕಾದ ಮಾಲೀಕತ್ವ, ಅನುಮತಿಗಳನ್ನು ಫ್ಯಾಟ್ ಹಿಡಿದಿಡುವುದೇ ಇಲ್ಲ, ಎನ್‌ಟಿಎಫ್‌ಎಸ್ ನಂಬುವ ಹಾಗಿಲ್ಲ.

'ನೋ ಸ್ಪೇಸ್ ಲೆಫ್ಟ್' ಬಂದರೆ 'ಡಿಎಫ್ ಮೈನಸ್ ಎಚ್' ಕೊಟ್ಟು ಜಾಗ ನೋಡಿ. ಇಮೇಜ್ 1 ಜಿಬಿ ಇದ್ದರೂ ಕಟ್ಟುವಾಗ ಬಿಚ್ಚಿದ ಫೈಲುಗಳು, ಇಳಿಸಿದ ಪ್ಯಾಕೇಜುಗಳು, ಅದುಮಿದ ಫೈಲು, ಕೊನೆಯ ಐಎಸ್‌ಒ (ಪೆನ್‌ಡ್ರೈವಿಗೆ ಬರೆಯುವ ಇಮೇಜ್ ಫೈಲು) ಎಲ್ಲ ಒಟ್ಟಿಗೆ ಕೂರಬೇಕು. ನಾನು 15 ಜಿಬಿ ಖಾಲಿ ಇಲ್ಲದೆ ಶುರುವೇ ಮಾಡುವುದಿಲ್ಲ. ಕೊನೆಯ ಹಂತದಲ್ಲಿ, ಇಡೀ ವ್ಯವಸ್ಥೆಯನ್ನು ಸ್ಕ್ವಾಷ್‌ಎಫ್‌ಎಸ್ ಎಂಬ ಒಂದೇ ಫೈಲಾಗಿ ಅದುಮುವಾಗ, 'ಕಿಲ್ಡ್' ಎಂಬ ಒಂದೇ ಪದ ಬಂದು ನಿಂತರೆ ಅದು ಡಿಸ್ಕಲ್ಲ, ರ್‍ಯಾಮ್. ಅದು ಸಾಲದೆ ಕರ್ನಲ್ಲೇ (ಲಿನಕ್ಸಿನ ತಿರುಳು) ಆ ಕೆಲಸವನ್ನು ಕೊಂದಿದೆ. ಬ್ರೌಸರ್ ಮುಚ್ಚಿ, ಸ್ವಾಪ್ ಸೇರಿಸಿ, ಇಲ್ಲವೇ ಅದುಮುವ ಬಗೆಯನ್ನು ಎಕ್ಸ್‌ಝಡ್‌ನಿಂದ ಜಿಝಿಪ್‌ಗೆ ಬದಲಿಸಿ. ಇಮೇಜ್ ಸ್ವಲ್ಪ ದಪ್ಪ ಆಗುತ್ತದೆ, ಆದರೆ ಹಳೇ ಪ್ರೊಸೆಸರುಗಳಿಗೆ ಜಿಝಿಪ್ ಬಿಚ್ಚುವುದು ಸುಲಭ. ಡೆಸ್ಕ್‌ಟಾಪ್ ತೆರೆಯುವುದೂ ಚುರುಕಾಗುತ್ತದೆ.

ಎಚ್ಚರಿಕೆ. ಬಿಲ್ಡನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದ್ದರೆ, ಇಮೇಜಿನ ವ್ಯವಸ್ಥೆ ಬಿಚ್ಚಿಕೊಂಡಿರುವ ಸಿಎಚ್-ರೂಟ್ ಫೋಲ್ಡರನ್ನು 'ಆರ್‌ಎಂ ಮೈನಸ್ ಆರ್‌ಎಫ್' ಕೊಟ್ಟು ಅಳಿಸಬೇಡಿ. ನಿಮ್ಮ ಓಡುತ್ತಿರುವ ಯಂತ್ರದ ಪ್ರೊಕ್, ಸಿಸ್ ಮುಂತಾದ ವ್ಯವಸ್ಥೆಯ ಫೋಲ್ಡರುಗಳು ಆ ಫೋಲ್ಡರಿನ ಒಳಗೆ ಇನ್ನೂ ಜೋಡಣೆಯಲ್ಲಿ ಇರಬಹುದು. ಅಳಿಸುವ ಕೈ ಅಲ್ಲಿಗೂ ಹೋಗುತ್ತದೆ. 'ಮೌಂಟ್' ಎಂದು ಕೊಟ್ಟು, ಬಿಲ್ಡ್ ಫೋಲ್ಡರಿನ ಹೆಸರಿರುವ ಸಾಲು ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ 'ಎಲ್‌ಬಿ ಕ್ಲೀನ್' ಕೊಡಿ. ಕರೆಂಟ್ ಹೋಗಿ ನಿಂತಿದ್ದರೆ ಜೋಡಣೆಗಳು ತಾವಾಗಿಯೇ ಹೋಗಿರುತ್ತವೆ, ಆದರೆ ಅರ್ಧ ಬಿಚ್ಚಿದ ಪ್ಯಾಕೇಜುಗಳು ಉಳಿದಿರುತ್ತವೆ. ಆಗಲೂ 'ಎಲ್‌ಬಿ ಕ್ಲೀನ್' ಮಾಡಿಯೇ ಮುಂದುವರಿಯಿರಿ. 'ಪರ್ಜ್' ಸೇರಿಸಬೇಡಿ, ಅದು ಇಳಿಸಿಟ್ಟ ಪ್ಯಾಕೇಜುಗಳನ್ನೂ ಗುಡಿಸಿಹಾಕುತ್ತದೆ. ಕೊಟ್ಟಿಗೆಹಾರದ ಸಿಗ್ನಲ್‌ನಲ್ಲಿ ಅವನ್ನು ಮತ್ತೆ ಇಳಿಸುವುದು ಯಾರಿಗೂ ಬೇಡ.

## ಕ್ಯುಇಎಂಯು ಒಳಗೆ ಏಳುವುದಿಲ್ಲ, ಅಥವಾ ಆಮೆ ಥರ ಏಳುತ್ತದೆ

ಕ್ಯುಇಎಂಯು ತಾನಾಗಿ ಕೊಡುವ ರ್‍ಯಾಮ್ ಬರೀ 128 ಎಂಬಿ. 'ಮೈನಸ್ ಎಂ' ಹಾಕಿ 2048 ಕೊಡುವುದನ್ನು ಮರೆತರೆ ಕರ್ನಲ್ ಪ್ಯಾನಿಕ್ ಆಗುವುದು ಇಮೇಜಿನ ತಪ್ಪಲ್ಲ. ಎದ್ದರೂ ಮೌಸ್ ಆಡಿಸಿದ ಎಷ್ಟೋ ಹೊತ್ತಿಗೆ ಬಾಣ ಆಡಿದರೆ ಕೆವಿಎಂ (ಕ್ಯುಇಎಂಯುಗೆ ಪ್ರೊಸೆಸರಿನ ನೇರ ವೇಗ ಕೊಡುವ ಕರ್ನಲ್ ಸೌಲಭ್ಯ) ಚಾಲು ಆಗಿಲ್ಲದಿರಬಹುದು. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿ. ಇನ್ನೊಂದು ವಿಷಯ, ಕ್ಯುಇಎಂಯು ಸುಮ್ಮನೆ ಬಿಟ್ಟರೆ ಹಳೇ ಬಯೋಸ್ ಮಾದರಿಯಲ್ಲೇ ಏಳುತ್ತದೆ. ಹೊಸ ಯಂತ್ರಗಳ ಯುಇಎಫ್‌ಐ ಮಾದರಿಯ ಪರೀಕ್ಷೆ ಆಗಬೇಕಾದರೆ ಓವಿಎಂಎಫ್ ಪ್ಯಾಕೇಜ್ ಹಾಕಿ ಅದನ್ನು ಕೊಡಬೇಕು. ಎರಡೂ ಬಗೆಯಲ್ಲಿ ಏಳಿಸಿ ನೋಡದೆ ಪೆನ್‌ಡ್ರೈವಿಗೆ ಬರೆಯಬೇಡಿ.

## ಪೆನ್‌ಡ್ರೈವ್ ಹಾಕಿದರೂ ಹಳೇ ವಿಂಡೋಸೇ ಬರುತ್ತದೆ

"ಅಣ್ಣ, ನೀವು ಕೊಟ್ಟ ಫೈಲ್ ಕಾಪಿ ಮಾಡಿದೀನಿ, ಆದ್ರೂ ಬರ್ತಿಲ್ಲ" ಅಂತ ಆಲ್ದೂರು ಕಡೆಯ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಉತ್ತರ ಅವರ ಮಾತಿನಲ್ಲೇ ಇತ್ತು. ಐಎಸ್‌ಒ ಫೈಲನ್ನು ಹಾಡು ಕಾಪಿ ಮಾಡಿದ ಹಾಗೆ ಪೆನ್‌ಡ್ರೈವಿಗೆ ಎಳೆದು ಹಾಕಿದರೆ ಅದು ಬೂಟ್ ಆಗುವುದಿಲ್ಲ, ಬರೆಯಬೇಕು. ವಿಂಡೋಸ್‌ನಲ್ಲಾದರೆ ರೂಫಸ್ ಎಂಬ ತಂತ್ರಾಂಶ ಬಳಸಿ ಡಿಡಿ ಮೋಡ್ ಆರಿಸಿ. ಹಾಗೇ ಕಾಪಿ ಮಾಡಿಯೇ ಏಳಿಸಬೇಕು ಎನ್ನುವವರು ಪೆನ್‌ಡ್ರೈವಿಗೆ ಮೊದಲು ವೆಂಟಾಯ್ ಎಂಬ ತಂತ್ರಾಂಶ ಹಾಕಿಕೊಳ್ಳಲಿ.

ಲಿನಕ್ಸಿನಲ್ಲಿ ಡಿಡಿ ಕಮಾಂಡಿನಿಂದ ಬರೆದಿದ್ದರೆ, ಎಸ್‌ಡಿಬಿ ಎಂದು ಇಡೀ ಡ್ರೈವಿಗೆ ಬರೆದಿರೋ ಎಸ್‌ಡಿಬಿ1 ಎಂದು ಪಾರ್ಟಿಶನ್‌ಗೆ ಬರೆದಿರೋ ನೋಡಿ. ಕೊನೆಯಲ್ಲಿ 1 ಇದ್ದರೆ ಏಳುವುದಿಲ್ಲ. ಆದರೆ ಡಿಡಿಗೆ ದಯೆ ಎಂಬುದಿಲ್ಲ. ಎಸ್‌ಡಿಬಿ ಬದಲು ಎಸ್‌ಡಿಎ ಎಂದು ಬೆರಳು ತಪ್ಪಿದರೆ ನಿಮ್ಮ ಹಾರ್ಡ್‌ಡಿಸ್ಕ್ ಕೇಳದೆಯೇ ಹೋಗುತ್ತದೆ. ಪೆನ್‌ಡ್ರೈವ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ 'ಎಲ್‌ಎಸ್‌ಬಿಎಲ್‌ಕೆ' ಕೊಟ್ಟು, ಯಾವ ಹೆಸರು ಹೊಸದಾಗಿ ಬಂತು, ಅಳತೆ ತಾಳೆಯಾಗುತ್ತದೆಯೇ ನೋಡಿ. ರಾತ್ರಿ ಹನ್ನೊಂದರ ಮೇಲೆ ನಾನು ಡಿಡಿ ಮುಟ್ಟುವುದಿಲ್ಲ. ಇದು ಅನುಭವದಿಂದ ಬಂದ ನಿಯಮ, ಯಾವ ಡಿಸ್ಕ್ ಹೋಯಿತು ಅಂತ ಕೇಳಬೇಡಿ.

ಬರೆದದ್ದು ಸರಿಯಿದ್ದರೆ ಬೂಟ್ ಮೆನು ತೆರೆಯಿರಿ. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರೇ ಇಲ್ಲದಿದ್ದರೆ ಬೇರೆ ಪೋರ್ಟಿಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟುಗಳನ್ನು ನಂಬದೆ ಹಿಂದಿನದಕ್ಕೇ ಹಾಕಿ. ಹೆಸರಿದ್ದೂ 'ಸೆಕ್ಯೂರ್ ಬೂಟ್ ವಯೊಲೇಶನ್' ಅಂದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ವ್ಯವಸ್ಥೆಯನ್ನು ತಡೆಯುವ ಕಾವಲು) ಆಫ್ ಮಾಡಿ ಪರೀಕ್ಷಿಸಿ. ಆ ಯಂತ್ರದಲ್ಲಿ ವಿಂಡೋಸ್ ಇನ್ನೂ ಬೇಕಾಗಿದ್ದು, ಅದಕ್ಕೆ ಬಿಟ್‌ಲಾಕರ್ ಬೀಗ ಇದ್ದರೆ ಇಲ್ಲಿಗೇ ನಿಲ್ಲಿಸಿ. ಸೆಕ್ಯೂರ್ ಬೂಟ್ ಬದಲಾಯಿಸಿದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಮಾಲೀಕರ ಕೈಯಲ್ಲಿದೆಯೇ ಎಂದು ಕೇಳಿಕೊಂಡು ಮುಂದುವರಿಯಿರಿ.

'ದಿಸ್ ಕರ್ನಲ್ ರಿಕ್ವೈರ್ಸ್ ಆನ್ ಎಕ್ಸ್86-64 ಸಿಪಿಯು' ಎಂಬ ಸಾಲು ಬಂದರೆ ಯಂತ್ರ 32 ಬಿಟ್‌ನದು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಇಂಥ ಯಂತ್ರಗಳಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. ಇವಕ್ಕಾಗಿ 12ರ ಮೇಲೆ ಬೇರೆ ಇಮೇಜ್ ಕಟ್ಟಬೇಕು. ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ.

## ಮೆನು ಬಂತು, ಎಂಟರ್ ಒತ್ತಿದೆ, 'ಇನಿಟ್‌ರಾಮ್‌ಎಫ್‌ಎಸ್' ಎಂದು ನಿಂತಿತು

ಇದು ಪೂರ್ತಿ ವ್ಯವಸ್ಥೆಗೆ ಮುಂಚೆ ಏಳುವ ಪುಟ್ಟ ವ್ಯವಸ್ಥೆಯ ಪ್ರಾಂಪ್ಟ್. ಅದನ್ನು ನೋಡಿ ಹೆದರದೆ, ಅದರ ಮೇಲಿನ ಸಾಲು ಓದಿ. ಎರಡರಲ್ಲಿ ಒಂದು ಇರುತ್ತದೆ, ಎರಡರ ಅರ್ಥವೂ ಪೂರ್ತಿ ಬೇರೆ.

'ಅನೇಬಲ್ ಟು ಫೈಂಡ್ ಎ ಮೀಡಿಯಂ ಕಂಟೇನಿಂಗ್ ಎ ಲೈವ್ ಫೈಲ್ ಸಿಸ್ಟಂ' ಅಂದರೆ ಇಮೇಜಿಗೆ ತಾನು ಲೈವ್ ಎಂಬುದು ಗೊತ್ತಿದೆ, ತನ್ನ ಪೆನ್‌ಡ್ರೈವೇ ಕಾಣುತ್ತಿಲ್ಲ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಿಂದ ಕಿತ್ತು ಕಪ್ಪು ಬಣ್ಣದ ಯುಎಸ್‌ಬಿ 2ಕ್ಕೆ ಹಾಕಿ. ಹಬ್ ಇದ್ದರೆ ತೆಗೆಯಿರಿ. ಬೇರೆ ಪೆನ್‌ಡ್ರೈವ್‌ಗೆ ಬರೆದು ನೋಡಿ.

'ನೋ ರೂಟ್ ಡಿವೈಸ್ ಸ್ಪೆಸಿಫೈಡ್' ಅಂದರೆ ತಾನು ಲೈವ್ ಇಮೇಜ್ ಎಂಬುದೇ ಅದಕ್ಕೆ ಮರೆತುಹೋಗಿದೆ. ಇದು ನಿಮ್ಮದೇ ಕೈಕೆಲಸ. ಬೂಟ್ ಸಾಲಿಗೆ (ಏಳುವಾಗ ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲು) ಏನೋ ಸೇರಿಸಲು ಹೋಗಿ 'ಬೂಟ್ ಈಕ್ವಲ್ ಟು ಲೈವ್' ಎಂಬುದನ್ನೇ ಅಳಿಸಿರುತ್ತೀರಿ, ಇಲ್ಲವೇ ಪ್ಯಾಕೇಜ್ ಪಟ್ಟಿ ಕಡಿಮೆ ಮಾಡುವ ಭರದಲ್ಲಿ ಲೈವ್-ಬೂಟ್ ಇರುವ ಪಟ್ಟಿಯನ್ನೇ ತೆಗೆದಿರುತ್ತೀರಿ. ಮೊದಲನೆಯದನ್ನು ಬಿಲ್ಡ್ ಇಲ್ಲದೆಯೇ ಪರೀಕ್ಷಿಸಬಹುದು. ಮೆನುವಿನಲ್ಲಿ ಗ್ರಬ್ ಆದರೆ 'ಇ', ಸಿಸ್‌ಲಿನಕ್ಸ್ ಆದರೆ ಟ್ಯಾಬ್ ಒತ್ತಿ, ಆ ಸಾಲಿನಲ್ಲಿ ಕೈಯಾರೆ ಸೇರಿಸಿ ಏಳಿಸಿ ನೋಡಿ. ಅಲ್ಲೇ ಇರುವಾಗ 'ಕ್ವಯಟ್' ಪದವನ್ನೂ ಅಳಿಸಿಬಿಡಿ. ಪರೀಕ್ಷೆಯ ಇಮೇಜಿಗೆ ಮೌನ ಯಾಕೆ ಬೇಕು?

ಪರದೆ ತುಂಬ 'ಸ್ಕ್ವಾಷ್‌ಎಫ್‌ಎಸ್ ಎರರ್' ಸಾಲುಗಳು ಓಡಿದರೆ ಓದಿದ ಮಾಹಿತಿ ಕೆಟ್ಟಿದೆ. 'ಎಸ್‌ಎಚ್‌ಎ256ಸಮ್' ಹಾಕಿ ಐಎಸ್‌ಒ ಫೈಲು ಬಿಲ್ಡ್ ಆದಾಗ ಇದ್ದ ಹಾಗೇ ಇದೆಯೇ ನೋಡಿ, ಮತ್ತೆ ಬರೆಯಿರಿ, ಪೂರ್ತಿ ಸಿಂಕ್ ಆಗುವವರೆಗೆ ಕೀಳಬೇಡಿ. ಹೊಸ ಪೆನ್‌ಡ್ರೈವಿನಲ್ಲೂ, ಅದೂ ಒಂದೇ ಯಂತ್ರದಲ್ಲಿ ಮಾತ್ರ ಹೀಗಾದರೆ ಆ ಯಂತ್ರದ ರ್‍ಯಾಮ್ ಮೇಲೆ ಕಣ್ಣಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿ ಕೂತ ಕಂಪ್ಯೂಟರಿನ ರ್‍ಯಾಮ್ ಕಾಲುಗಳು ನಮ್ಮ ಥಂಡಿಗೆ ಮಂಕಾಗಿರುತ್ತವೆ. ಪ್ಲಗ್ ಕಿತ್ತು, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ತೆಗೆದು, ಆ ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಕ್ಲಿಕ್ ಅನ್ನುವಂತೆ ಕೂರಿಸಿ. ಐದು ರೂಪಾಯಿಯ ರಬ್ಬರ್ ಉಳಿಸಿಕೊಟ್ಟ ಯಂತ್ರಗಳ ಲೆಕ್ಕ ನನ್ನಲ್ಲಿಲ್ಲ. ಆಮೇಲೂ ಅನುಮಾನವಿದ್ದರೆ ಮೆಮ್‌ಟೆಸ್ಟ್86+ ಒಂದು ರಾತ್ರಿ ಓಡಲಿ. ಅದರಲ್ಲಿ ಒಂದೇ ಒಂದು ಕೆಂಪು ಸಾಲು ಬಂದರೂ ರ್‍ಯಾಮ್ ಬದಲಾಯಿಸಿ.

## ಕಪ್ಪು ಪರದೆ, ಅಥವಾ ಲಾಗಿನ್ ಕೇಳಿ ಒಳಗೇ ಬಿಡುವುದಿಲ್ಲ

ಪುಟ್ಟ ಇಮೇಜಿನ ಮುಖ್ಯ ರಣರಂಗ ಇದೇ.

ಕಪ್ಪು ಪರದೆಗೆ ಮೊದಲ ಪ್ರಶ್ನೆ: ಕಂಟ್ರೋಲ್-ಆಲ್ಟ್-ಎಫ್2 ಒತ್ತಿದರೆ ಅಕ್ಷರಗಳ ಲಾಗಿನ್ ಬರುತ್ತದೆಯೇ? ಬರದಿದ್ದರೆ ಗ್ರಾಫಿಕ್ಸ್ ಸಿಕ್ಕಿಹಾಕಿಕೊಂಡಿರುವ ಸಂಭವ ಹೆಚ್ಚು. ಬೂಟ್ ಸಾಲಿನಲ್ಲಿ 'ನೋಮೋಡ್‌ಸೆಟ್' ಸೇರಿಸಿ ಏಳಿಸಿ. ಹಾಗೆ ಎದ್ದರೆ ಗ್ರಾಫಿಕ್ಸ್ ಫರ್ಮ್‌ವೇರ್ ಪ್ಯಾಕೇಜ್ ಬಿಟ್ಟಿದ್ದೀರಾ ನೋಡಿ. ಎಎಂಡಿ ಕಾರ್ಡುಗಳು ಅದಿಲ್ಲದೆ ಮುನಿಸಿಕೊಳ್ಳುತ್ತವೆ. ನೋಮೋಡ್‌ಸೆಟ್ ಊರುಗೋಲು, ಕಾಯಂ ಪರಿಹಾರವಲ್ಲ.

ಅಕ್ಷರಗಳ ಲಾಗಿನ್ ಬಂದರೆ ಯಂತ್ರ ಗಟ್ಟಿಯಿದೆ, ಡೆಸ್ಕ್‌ಟಾಪ್ ಮಾತ್ರ ಬಿದ್ದಿದೆ. ಡೆಬಿಯನ್ ಲೈವ್‌ನಲ್ಲಿ ಹೆಸರು 'ಯೂಸರ್', ಗುಟ್ಟುಪದ 'ಲೈವ್'. ಒಳಗೆ ಹೋಗಿ 'ಸಿಸ್ಟಂಸಿಟಿಎಲ್ ಸ್ಟೇಟಸ್ ಲೈಟ್‌ಡಿಎಂ' ಕೊಡಿ. ಲೈಟ್‌ಡಿಎಂ ಎಂದರೆ ಡೆಸ್ಕ್‌ಟಾಪಿನ ಲಾಗಿನ್ ಪರದೆ ತೋರಿಸುವ ಸೇವೆ. ಅಂಥ ಸೇವೆಯೇ ಇಲ್ಲ ಅಂದರೆ ಲೈಟ್‌ಡಿಎಂ ಇಮೇಜಿಗೆ ಬಂದೇ ಇಲ್ಲ. ಇದ್ದೂ ಬಿದ್ದಿದ್ದರೆ ಎಕ್ಸ್‌ಆರ್ಗ್‌ನ ಲಾಗ್ ನೋಡಿ, ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್‌ಸರ್ವರ್ ಹಾಕಿದ್ದೀರಾ ನೋಡಿ. ಓಪನ್‌ಬಾಕ್ಸ್ ಹಾಕಿದರೆ ಎಕ್ಸ್‌ಸರ್ವರ್ ತಾನೇ ಬರುತ್ತದೆ ಎಂದು ಮೊದಲ ಸಲ ಕಟ್ಟುವವರೆಲ್ಲ ನಂಬಿರುತ್ತಾರೆ. ಬರುವುದಿಲ್ಲ.

ಈಗ ನನ್ನ ತಲೆ ತಿಂದ ದೋಷ. ಇಮೇಜ್ ಇನ್ನೂ ಚಿಕ್ಕದಾಗಲಿ ಎಂದು 'ಆಪ್ಟ್-ರೆಕಮೆಂಡ್ಸ್ ಫಾಲ್ಸ್' ಹಾಕಿದೆ. ಅಂದರೆ ಕಡ್ಡಾಯ ಪ್ಯಾಕೇಜುಗಳು ಮಾತ್ರ ಬರಲಿ, ಶಿಫಾರಸಿನವು ಬೇಡ. ಅಳತೆ ಇಳಿಯಿತು, ಖುಷಿಯಾಯಿತು. ಆದರೆ ತಾನಾಗಿ ಡೆಸ್ಕ್‌ಟಾಪಿಗೆ ಹೋಗುತ್ತಿದ್ದದ್ದು ಈಗ ಲಾಗಿನ್ ಕೇಳತೊಡಗಿತು. ಯೂಸರ್, ಲೈವ್ ಕೊಟ್ಟರೆ ತಪ್ಪು ಎನ್ನುತ್ತದೆ. ಕೀಬೋರ್ಡ್ ಬದಲಾಯಿಸಿದೆ, ಕ್ಯಾಪ್ಸ್ ಲಾಕ್ ನೋಡಿದೆ, ಲೈಟ್‌ಡಿಎಂ ಕಾನ್ಫಿಗ್ ಹತ್ತು ಸಲ ತಿದ್ದಿದೆ. ಮೂರು ಬಿಲ್ಡ್ ದಂಡ.

ಆ ಹೆಸರಿನ ಬಳಕೆದಾರನೇ ಅಲ್ಲಿ ಇರಲಿಲ್ಲ! ಲೈವ್ ಬಳಕೆದಾರನನ್ನು ಪ್ರತಿ ಬೂಟ್‌ನಲ್ಲೂ ಹುಟ್ಟಿಸುವುದು ಲೈವ್-ಕಾನ್ಫಿಗ್. ಅದಕ್ಕೆ ಯೂಸರ್-ಸೆಟಪ್ ಎಂಬ ಇನ್ನೊಂದು ಪುಟ್ಟ ಪ್ಯಾಕೇಜ್ ಬೇಕು. ಅದು ಬರುವುದು ಶಿಫಾರಸಿನ ಮೂಲಕ. ಶಿಫಾರಸು ಕಡಿದೆ, ಬಳಕೆದಾರ ಹುಟ್ಟಲಿಲ್ಲ. ರೂಟ್ ಅಧಿಕಾರ ಕೊಡುವ ಸುಡೊ ಕೂಡ ಇದೇ ದಾರಿಯಲ್ಲಿ ಹೋಗಿತ್ತು. ಪಟ್ಟಿಗೆ ಯೂಸರ್-ಸೆಟಪ್ ಮತ್ತು ಸುಡೊ ಎಂದು ಎರಡು ಹೆಸರು ಸೇರಿಸಿದ್ದಕ್ಕೆ ಎಲ್ಲ ಸರಿಹೋಯಿತು. ಹಾಗಾಗಿ, ಲಾಗಿನ್ 'ತಪ್ಪು' ಎಂದರೆ ಬಳಕೆದಾರ ಇಲ್ಲ ಎಂದು ಮೊದಲು ಅನುಮಾನಿಸಿ.

ಲಾಗಿನ್ ಒಪ್ಪಿಕೊಂಡು, ಒಂದು ಕ್ಷಣ ಮಿನುಗಿ, ಮತ್ತೆ ಲಾಗಿನ್‌ಗೇ ಬಂದು ನಿಂತರೆ ಕಥೆ ಬೇರೆ. ಬಳಕೆದಾರ ಇದ್ದಾನೆ, ಅವನ ಡೆಸ್ಕ್‌ಟಾಪ್ ಶುರುವಾಗುತ್ತಲೇ ಸಾಯುತ್ತಿದೆ. ಎಫ್2ಗೆ ಹೋಗಿ 'ಡಿಎಫ್ ಮೈನಸ್ ಎಚ್' ನೋಡಿ, ತುಂಬಿದ ಡಿಸ್ಕ್ ಹೀಗೇ ಮಾಡುತ್ತದೆ. ಆಮೇಲೆ ಮನೆ ಫೋಲ್ಡರಿನಲ್ಲಿರುವ ಎಕ್ಸ್‌ಸೆಷನ್-ಎರರ್ಸ್ ಫೈಲು ಓದಿ. ನನಗೆ ಅಲ್ಲಿ ಸಿಕ್ಕ ಅಪರಾಧಿ ಹೆಚ್ಚಾಗಿ, ಡೆಸ್ಕ್‌ಟಾಪಿನ ಪ್ರೋಗ್ರಾಮುಗಳು ಪರಸ್ಪರ ಮಾತಾಡಲು ಬೇಕಾದ ಡಿಬಸ್-ಎಕ್ಸ್11 ಪ್ಯಾಕೇಜ್ ಇಲ್ಲದಿರುವುದು.

## ಡೆಸ್ಕ್‌ಟಾಪ್ ಬಂತು, ಆದರೆ ಒಂದೊಂದೇ ಕೈಕೊಡುತ್ತದೆ

ಪೆನ್‌ಡ್ರೈವ್ ಫೈಲ್ ಮ್ಯಾನೇಜರಿನಲ್ಲಿ ಕಾಣುವುದಿಲ್ಲ ಅಂದರೆ ಡಿಸ್ಕುಗಳನ್ನು ಗುರುತಿಸಿ ಜೋಡಿಸುವ ಜಿವಿಎಫ್‌ಎಸ್, ಯುಡಿಸ್ಕ್ಸ್2 ಪ್ಯಾಕೇಜುಗಳು ಬಿಟ್ಟುಹೋಗಿವೆ. ಕಂಡರೂ 'ಅನುಮತಿ ಇಲ್ಲ' ಎಂದರೆ ಎಲ್‌ಎಕ್ಸ್‌ಪೋಲ್‌ಕಿಟ್‌ನಂಥ ಅನುಮತಿ ಕೇಳುವ ಕಿಟಕಿ ಇಲ್ಲ. ಸದ್ದಿಲ್ಲದಿದ್ದರೆ 'ಅಲ್ಸಾಮಿಕ್ಸರ್' ತೆರೆಯಿರಿ, ಪಟ್ಟಿಯ ಕೆಳಗೆ 'ಎಂಎಂ' ಇದ್ದರೆ ಮ್ಯೂಟ್ ಆಗಿದೆ, ಎಂ ಕೀ ಒತ್ತಿ ಬಿಡಿಸಿ.

ವೈಫೈಗೆ ಮೊದಲು ಲ್ಯಾಪ್‌ಟಾಪಿನ ಬದಿಯಲ್ಲಿ ಸಣ್ಣ ಸ್ವಿಚ್ ಇದೆಯೇ ನೋಡಿ. ನಗಬೇಡಿ, ಆ ಸ್ವಿಚ್ ನೋಡದೆ ನಾನು ಡ್ರೈವರ್ ಹುಡುಕಿದ್ದೂ ಉಂಟು. 'ಆರ್‌ಎಫ್‌ಕಿಲ್ ಲಿಸ್ಟ್' ಕೊಟ್ಟಾಗ 'ಹಾರ್ಡ್ ಬ್ಲಾಕ್ಡ್ ಯೆಸ್' ಬಂದರೆ ಸ್ವಿಚ್ಚೇ. ಅಲ್ಲದಿದ್ದರೆ 'ಡಿಮೆಸೆಜ್' ಸಾಲುಗಳಲ್ಲಿ 'ಫರ್ಮ್‌ವೇರ್' ಪದ ಹುಡುಕಿ. 'ಫೇಲ್ಡ್ ಟು ಲೋಡ್' ಜೊತೆಗಿರುವ ಫೈಲ್ ಹೆಸರೇ ಯಾವ ಪ್ಯಾಕೇಜ್ ಬೇಕೆಂದು ಹೇಳುತ್ತದೆ: ಇಂಟೆಲ್, ರಿಯಲ್‌ಟೆಕ್, ಅಥೆರಾಸ್‌ಗಳಿಗೆ ಬೇರೆ ಬೇರೆ ಪ್ಯಾಕೇಜುಗಳಿವೆ. ಹಳೇ ಬ್ರಾಡ್‌ಕಾಮ್ ಚಿಪ್ಪಿನ ಬಿ43 ಪ್ಯಾಕೇಜ್ ಹಾಕುವಾಗಲೇ ನೆಟ್‌ನಿಂದ ಫರ್ಮ್‌ವೇರ್ ಇಳಿಸಿಕೊಳ್ಳುತ್ತದೆ, ಆದ್ದರಿಂದ ಅದನ್ನು ಬಿಲ್ಡ್ ಸಮಯದಲ್ಲೇ ಸೇರಿಸಿಬಿಡಿ. ಸದ್ಯಕ್ಕೆ ನೆಟ್ ಬೇಕೇ ಬೇಕೆಂದರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ವೈಫೈ ಫರ್ಮ್‌ವೇರಿನ ಹಂಗಿಲ್ಲ.

ಬ್ರೌಸರ್ ಯಾವ ತಾಣ ತೆರೆದರೂ 'ಸುರಕ್ಷಿತವಲ್ಲ' ಎಂದು ಹೆದರಿಸುತ್ತಿದೆಯೇ? ಮೂಲೆಯ ಗಡಿಯಾರ ನೋಡಿ. ವರ್ಷವೇ ತಪ್ಪಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ, ನಾಣ್ಯದಂಥ ಆ ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸರಿಯಾಗಿ ಐದೂವರೆ ಗಂಟೆ ಮುಂದಿದ್ದರೆ ಸೆಲ್ ಚೆನ್ನಾಗಿಯೇ ಇದೆ. ವಿಂಡೋಸ್ ನಮ್ಮ ಸಮಯವನ್ನು ಗಡಿಯಾರಕ್ಕೆ ಬರೆದಿಟ್ಟಿದೆ, ಲಿನಕ್ಸ್ ಅದನ್ನು ಯುಟಿಸಿ (ವಿಶ್ವ ಸಮಯ) ಎಂದು ಓದಿ ಮೇಲೆ ಐದೂವರೆ ಕೂಡಿಸುತ್ತಿದೆ.

ನಿನ್ನೆ ಉಳಿಸಿದ ಫೈಲ್ ಇವತ್ತು ಮಾಯವಾಗಿದ್ದರೆ ಅದು ದೋಷವೇ ಅಲ್ಲ. ಲೈವ್ ಇಮೇಜ್ ತಾನಾಗಿ ಏನನ್ನೂ ಉಳಿಸುವುದಿಲ್ಲ. ಉಳಿಯಬೇಕಾದರೆ ಪೆನ್‌ಡ್ರೈವಿನಲ್ಲಿ 'ಪರ್ಸಿಸ್ಟೆನ್ಸ್' ಹೆಸರಿನ ಪಾರ್ಟಿಶನ್, ಅದರೊಳಗೆ ಪರ್ಸಿಸ್ಟೆನ್ಸ್ ಡಾಟ್ ಕಾನ್ಫ್ ಫೈಲು, ಬೂಟ್ ಸಾಲಿನಲ್ಲಿ ಅದೇ ಪದ, ಈ ಮೂರೂ ಬೇಕು. ಎರಡಿದ್ದು ಒಂದಿಲ್ಲದಿದ್ದರೆ ಯಾವ ದೂರನ್ನೂ ಹೇಳದೆ ಸುಮ್ಮನಿರುತ್ತದೆ.

## ಕನ್ನಡದ ಜಾಗದಲ್ಲಿ ಚೌಕಗಳು

ಚೌಕ ಬಂದರೆ ಫಾಂಟ್ ಇಲ್ಲ. ಪಟ್ಟಿಗೆ ಲೋಹಿತ್ ಕನ್ನಡ ಸೇರಿಸಿ, ಅಥವಾ ಎಲ್ಲ ಕನ್ನಡ ಫಾಂಟುಗಳನ್ನು ಒಟ್ಟಿಗೆ ತರುವ ಫಾಂಟ್ಸ್-ಕೆಎನ್‌ಡಿಎ. ಗುಬ್ಬಿ, ನವಿಲು ಎಂಬ ಫಾಂಟುಗಳೂ ಡೆಬಿಯನ್‌ನಲ್ಲೇ ಇವೆ. ಇಡೀ ನೋಟೋ ಕುಟುಂಬ ತರಬೇಡಿ, ಕಡಿದು ಉಳಿಸಿದ ಜಾಗವನ್ನೆಲ್ಲ ಅದೊಂದೇ ನುಂಗುತ್ತದೆ.

ಅಕ್ಷರ ಕಾಣುತ್ತವೆ, ಟೈಪ್ ಮಾಡಲಾಗುವುದಿಲ್ಲ ಎಂದರೆ ಟೈಪಿಂಗ್ ವ್ಯವಸ್ಥೆಯಾದ ಐಬಸ್ ಮತ್ತು ಅದರ ಎಂ17ಎನ್ ಭಾಗ ಬೇಕು. ನುಡಿ ತಂತ್ರಾಂಶ ರೂಢಿಯಿರುವ ಮೇಷ್ಟ್ರುಗಳಿಗೆ ಅದರಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ. ಇನ್ನು, ಇಡೀ ವ್ಯವಸ್ಥೆಯ ಭಾಷೆಯನ್ನು ಕನ್ನಡ ಮಾಡಿದ ಮೇಲೆ ಎಫ್2ರ ಕಪ್ಪು ಕನ್ಸೋಲ್‌ನಲ್ಲಿ ಚಿತ್ರವಿಚಿತ್ರ ಗುರುತು ಬಂದರೆ ಫಾಂಟ್ ಹುಡುಕಬೇಡಿ. ಲಿನಕ್ಸಿನ ಆ ಬರಿಯ ಕನ್ಸೋಲ್‌ಗೆ ಒತ್ತಕ್ಷರ ಕೂಡಿಸುವುದು ಬರುವುದೇ ಇಲ್ಲ. ದೋಷ ಹುಡುಕುವ ಹೊತ್ತಿಗೆ 'ಲ್ಯಾಂಗ್ ಈಕ್ವಲ್ ಟು ಸಿ' ಎಂದು ಕೊಟ್ಟು ಇಂಗ್ಲಿಷಿನಲ್ಲೇ ಓದಿಕೊಳ್ಳಿ.

## ಸ್ಕ್ರೂಡ್ರೈವರ್ ಕೆಳಗಿಡಬೇಕಾದ ಹೊತ್ತು

ಅಧಿಕೃತ ಇಮೇಜೂ ಏಳದೆ, ರ್‍ಯಾಮ್ ಉಜ್ಜಿದ ಮೇಲೂ ಬೀಪ್ ನಿಲ್ಲದೆ ಇದ್ದರೆ ಅದು ಸಾಫ್ಟ್‌ವೇರ್ ಕೆಲಸವಲ್ಲ. ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದು ಅದರಲ್ಲಿ ಎಸ್ಟೇಟಿನ ಲೆಕ್ಕವೋ ಶಾಲೆಯ ದಾಖಲೆಯೋ ಇದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಆಫ್ ಮಾಡಿ ಡೇಟಾ ತೆಗೆಯುವವರ ಹತ್ತಿರ ಒಯ್ಯಿರಿ.

ಎಸ್‌ಎಂಪಿಎಸ್ (ಪವರ್ ಸಪ್ಲೈ) ಡಬ್ಬಿಯನ್ನು ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಎಂದರೆ ಅರ್ಥಿಂಗ್ ಸರಿಯಿಲ್ಲ. ಎಲೆಕ್ಟ್ರಿಷಿಯನ್ ನೋಡುವವರೆಗೆ ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ, ನೆಟ್ ಕೇಬಲನ್ನೂ ಕೀಳಿರಿ. ಏಪ್ರಿಲ್‌ನ ಒಂದು ಸಂಜೆ ಮಳೆಯಲ್ಲಿ ಒಂದು ಶಾಲೆಯವರು ಪ್ಲಗ್‌ಗಳನ್ನೆಲ್ಲ ಕಿತ್ತಿದ್ದರು, ರೌಟರಿನ ತಂತಿಯೊಂದನ್ನು ಬಿಟ್ಟಿದ್ದರು. ಮರುದಿನ ನಾನು ಬದಲಾಯಿಸಿದ್ದು ಆರು ಮದರ್‌ಬೋರ್ಡು.